ಸಿಲೋವದ ಬುರುಜೂ ಗೇರುಗುಡ್ಡವೂ

ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದದ್ದು 2024ರ ಜುಲೈ 30ರ ನಸುಕಿನಲ್ಲಿ. ಆಗಸ್ಟ್ 4ರ ಭಾನುವಾರ ಸಭಾಪಾಲಕರು ಊರಲ್ಲಿರಲಿಲ್ಲವಾದ್ದರಿಂದ, ಕಾಸರಗೋಡಿನ ನಮ್ಮ ಸಣ್ಣ ಕನ್ನಡ ಸಭೆಯಲ್ಲಿ ಪ್ರಸಂಗ ಮಾಡುವ ಹೊಣೆ ಉಪದೇಶಿಯಾದ ನನ್ನ ಮೇಲೆ ಬಿತ್ತು. ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ತಪ್ಪಿತಸ್ಥರೇ ಎಂದು ಕೇಳಿ, ಅಲ್ಲವೆಂದು ಯೇಸು ತಾನೇ ಉತ್ತರಿಸುವ ಲೂಕ 13ನೆಯ ಅಧ್ಯಾಯವನ್ನು ಆರಿಸಿಕೊಂಡೆ. ವಯನಾಡಿಗೆಂದು ಎತ್ತಿದ ಕಾಣಿಕೆಯೂ ಚೆನ್ನಾಗಿಯೇ ಬಂತು.

ಆರಾಧನೆ ಮುಗಿದ ಮೇಲೆ ಎಣ್ಮಕಜೆ ಕಡೆಯಿಂದ ಬರುವ ಅಕ್ಕ ಒಬ್ಬರು ಚಪ್ಪಲಿ ಮೆಟ್ಟುತ್ತಾ, "ಉಪದೇಶಿಯವರೇ, ನಮ್ಮ ಮಕ್ಕಳಿಗೆ ಯಾವ ಭಾನುವಾರ ಕಾಣಿಕೆ ಎತ್ತಿದ್ದೀರಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲೆಂದು ಗೇರು ಹೂ ಬಿಡುವ ಕಾಲದಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು ನಮ್ಮಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ನಡೆದಿತ್ತು. ತೋಟ ಗುಡ್ಡದ ಮೇಲೆ, ಮನೆ, ತೋಡು, ಗುಡ್ಡ ಕೊರೆದು ತೆಗೆದ ಸುರಂಗದ ನೀರು ಎಲ್ಲವೂ ಕೆಳಗೆ. ಆ ವಿಷದಿಂದ ನರಳಿದ ಮಕ್ಕಳ ಸ್ಥಿತಿಯನ್ನು ದೈವದ ಮುನಿಸೆಂದು ನಂಬಿದವರಿದ್ದರು; ನಾವು ಕ್ರೈಸ್ತರು ಅದನ್ನೇ ದೇವರ ಚಿತ್ತವೆಂದು ಕರೆದು ಜಾಣರಾದೆವು. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದ್ದಕ್ಕೆ ಯೇಸು ಇಬ್ಬರೂ ಅಲ್ಲವೆಂದನೆಂಬುದನ್ನು ಹಲವು ಸಲ ಬೋಧಿಸಿದ್ದ ನಾನೂ ಆ ಜಾಣರಲ್ಲೊಬ್ಬ.

ಬುಧವಾರ ಅವರ ಮನೆಗೆ ಹೋದೆ. ಮಗನಿಗೆ ಮೂವತ್ತು ದಾಟಿದೆ. ಅಕ್ಕ ಅವನ ತಲೆಯನ್ನು ಎಡಮೊಣಕೈಯ ಮೇಲಿರಿಸಿ, ಗಂಜಿಯ ಅಗುಳನ್ನು ಬೆರಳಲ್ಲಿ ನುರಿದು, ಒಂದು ಚಮಚ ಕುಡಿಸಿ ಗಂಟಲು ಇಳಿಯುವುದನ್ನು ನೋಡಿಕೊಂಡು ಇನ್ನೊಂದು ಕೊಡುತ್ತಿದ್ದರು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನನ್ನು ಸಂತೈಸಲು ಬಂದ ಗೆಳೆಯರು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಏಳು ದಿನ ನೆಲದ ಮೇಲೆ ಸುಮ್ಮನೆ ಕುಳಿತದ್ದು. ಕೆಟ್ಟದ್ದು ಬಾಯಿ ತೆರೆದ ಮೇಲೆ. ನನ್ನಿಂದ ಅರ್ಧ ಗಂಟೆಯಷ್ಟೇ ಸಾಧ್ಯವಾಯಿತು.

ಆಮೇಲೆ ಅವರು ಜವಳಿ ಅಂಗಡಿಯ ಒಂದು ಚೀಲ ತಂದು ಮುಂದಿಟ್ಟರು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ಆದೇಶಿಸಿದ್ದರೂ ಇವನ ಹೆಸರು ಪಟ್ಟಿಯಲ್ಲಿರಲಿಲ್ಲ. ಕಾರಣ ಆ ಚೀಲದಲ್ಲೇ ಇತ್ತು: ವೈದ್ಯಕೀಯ ತಪಾಸಣೆಗೆ ಬರಹೇಳಿದ ಕಾಗದ ಮಲಯಾಳದಲ್ಲಿ ಬಂದಿತ್ತು, ಅಕ್ಕ ಓದಿದ್ದು ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ. ದಿನ ಕಳೆದುಹೋಗಿತ್ತು. ವಿಷ ಸುರಿದದ್ದರ ಮೇಲೆ ಇದೊಂದು ಅನ್ಯಾಯ, ಅದೂ ಸೀಲು ಹಾಕಿದ್ದು.

ನ್ಯಾಯ ನಡೆಸು, ಕರುಣೆಯನ್ನು ಪ್ರೀತಿಸು ಎನ್ನುವ ಪ್ರವಾದಿ ಮೀಕನ ವಚನದಲ್ಲಿ ನ್ಯಾಯ ಮೊದಲು ಬರುತ್ತದೆ, ಕರುಣೆ ಆಮೇಲೆ ಎಂಬುದು ಆ ಚಾಪೆಯ ಮೇಲೆ ಕುಳಿತು ಅರ್ಜಿ ಬರೆಯುವಾಗ ಹೊಳೆಯಿತು. ಗುಡ್ಡ ಒಂದೇ ರಾತ್ರಿ ಕುಸಿದರೆ ನಮ್ಮ ಕರುಣೆ ತಾನಾಗಿ ಹೊರಡುತ್ತದೆ; ಇಪ್ಪತ್ತು ವರ್ಷ ನಿಧಾನವಾಗಿ ಕುಸಿದ ಮನೆಗೆ ಅದು ದಾರಿ ತಪ್ಪುತ್ತದೆ.

ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ತಿಂಗಳಿಗೊಮ್ಮೆ ಹೋಗಿ, ಬಂದ ಕಾಗದಗಳನ್ನು ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ. ಪ್ರಾರ್ಥನೆ, ಅವರು ಕೇಳಿದರೆ ಮಾತ್ರ.