ನಾಟಿ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ಹೇಗೆ?

ರಾಗಿ ಕೊಯ್ದು, ಮೆದೆ ಹಾಕಿ, ಕಣ ಮಾಡಿ, ಮಾರುವಷ್ಟನ್ನು ಮಾರಿ, ಕೊನೆಗೆ ಉಳಿದ ಮೂಟೆಯಿಂದ ನಾಲ್ಕು ಸೇರು ಅಳೆದು ‘ಇದು ಮುಂದಿನ ವರ್ಷದ ಬಿತ್ತನೆಗೆ’ ಎಂದು ಮೂಲೆಗೆ ಇಡುವುದು ಬಹಳ ಮನೆಗಳ ಈಗಿನ ರೂಢಿ. ಹೀಗೆ ಇಟ್ಟದ್ದು ಕಾಳು, ಬಿತ್ತನೆ ಬೀಜವಲ್ಲ. ನಾಲ್ಕೈದು ವರ್ಷ ಇದೇ ನಡೆದರೆ ಎಂಥ ಒಳ್ಳೆಯ ತಳಿಯೂ ಬೆರಕೆಯಾಗುತ್ತದೆ. ತೆನೆಗಳು ಒಂದೇ ಸಲ ಮಾಗುವುದಿಲ್ಲ, ಇಳುವರಿ ಇಳಿಯುತ್ತದೆ. ಆಗ ದೂರು ಬರುವುದು ತಳಿಯ ಮೇಲೆ: ‘ನಾಟಿಯಲ್ಲಿ ಏನೂ ಗಿಟ್ಟುವುದಿಲ್ಲ.’ ನಿಜದಲ್ಲಿ ಅಲ್ಲಿ ತಪ್ಪಿರುವುದು ಆಯ್ಕೆ.

ಮಳವಳ್ಳಿ ತಾಲ್ಲೂಕು ಕಿರುಗಾವಲಿನ ಸೈಯದ್ ಘನಿ ಖಾನ್ ತಮ್ಮ ಹೊಲದಲ್ಲಿ ನೂರಾರು ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಗಡಿಯಾಚೆ ಕಾಸರಗೋಡಿನಲ್ಲಿ 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ ಸತ್ಯನಾರಾಯಣ ಬೇಳೇರಿ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಅಷ್ಟು ದೊಡ್ಡ ಕೆಲಸ ಎಲ್ಲರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ಒಂದು ಮನೆಯವರು ಒಂದೋ ಎರಡೋ ತಳಿಯನ್ನು ಸರಿಯಾಗಿ ಹಿಡಿದುಕೊಂಡರೆ ಸಾಕು.

ತಳಿ ಆರಿಸುವುದು

ಹೊಗಳಿಕೆ ಕೇಳಿ ದೂರದ ತಳಿ ತರಬೇಡಿ. ಕುಮಟಾದ ಮಾಣಿಕಟ್ಟಾ ಸುತ್ತ ಅಘನಾಶಿನಿ ಹೊಳೆಯ ಗಜನಿಗಳಲ್ಲಿ, ಎಂದರೆ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ನೆರೆಯನ್ನೂ ತಡೆಯುತ್ತದೆ. ಅದನ್ನು ತಂದು ಮಂಡ್ಯದ ನಾಲೆ ಬಯಲಿಗೆ ಹಾಕಿ ಆಗಬೇಕಾದದ್ದೇನೂ ಇಲ್ಲ. ಆ ಬಯಲಿಗೆ ರಾಜಮುಡಿ, ರತ್ನಚೂಡಿ ಇವೆ. ಮಳೆ ನಂಬಿದ ಖುಷ್ಕಿಯವರಿಗೆ ಊರೂರಿನದೇ ರಾಗಿಗಳಿವೆ. ಮನೆಯ ಹಿರಿಯ ಹೆಂಗಸರನ್ನು ಮೊದಲು ಕೇಳಿ. ಯಾವ ರಾಗಿಯ ಮುದ್ದೆ ಗಂಟಾಗುವುದಿಲ್ಲ, ಯಾವುದರ ಹುಲ್ಲನ್ನು ದನ ಬಿಡದೆ ತಿನ್ನುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಮನೆಯಲ್ಲಿ ಉಣ್ಣದ ತಳಿ ಮೂರನೇ ವರ್ಷ ಹೊಲದಲ್ಲಿ ಇರುವುದಿಲ್ಲ.

ಪೊಟ್ಟಣದ ಮೇಲೆ ‘ಹೈಬ್ರಿಡ್’ ಎಂದಿದ್ದರೆ ಅದರಿಂದ ಬೀಜ ಮಾಡಲು ಹೋಗಬೇಡಿ. ಮುಂದಿನ ಸಲ ಒಂದೊಂದು ಗಿಡ ಒಂದೊಂದು ತೆರನಾಗಿ ಬರುತ್ತದೆ.

ಬೀಜಕ್ಕೊಂದು ಮಡಿ

ಹೊಲದ ನಡುವೆ, ಮಣ್ಣು ಒಂದೇ ಸಮನಾಗಿರುವ ಕಡೆ ಬೀಜದ ಮಡಿ ಗುರುತಿಸಿ. ಬದುವಿನ ಪಕ್ಕವೂ ಬೇಡ, ತಿಪ್ಪೆಯ ಪಕ್ಕವೂ ಬೇಡ. ತಿಪ್ಪೆಯ ಸಾರ ಉಂಡ ಗಿಡ ದಪ್ಪ ತೆನೆ ಬಿಡುವುದರಲ್ಲಿ ತಳಿಯ ಹೆಚ್ಚುಗಾರಿಕೆ ಏನಿಲ್ಲ. ಹಿಂದಿನ ವರ್ಷ ಬೇರೆ ಭತ್ತ ಬೆಳೆದ ಗದ್ದೆಯಾದರೆ ಉದುರಿದ ಕಾಳು ಮೊಳೆತು ಸೇರಿಕೊಳ್ಳುತ್ತದೆ. ನಾಟಿಗೆ ಮೊದಲು ನೀರು ಕಟ್ಟಿ, ಹುಟ್ಟಿದ್ದನ್ನು ಉತ್ತು ಮುಗಿಸಿ.

ಭತ್ತ, ರಾಗಿ ತಮ್ಮ ಹೂವಿನಲ್ಲೇ ಪರಾಗ ಕಟ್ಟುವ ಬೆಳೆಗಳು. ಬೇರೆ ತಳಿಯಿಂದ 3 ಮೀಟರ್ ದೂರವಿದ್ದರೆ ಸಾಕು. ರಾಗಿಯ ನಡುವೆ ಹಾಕುವ ಅಕ್ಕಡಿ ಸಾಲಿನ ತೊಗರಿ, ಹುಚ್ಚೆಳ್ಳು ಹಾಗಲ್ಲ. ಜೇನು ಪಕ್ಕದ ಹೊಲದಿಂದ ಪರಾಗ ಹೊತ್ತು ತರುತ್ತದೆ. ಸಜ್ಜೆ, ಮುಸುಕಿನ ಜೋಳಕ್ಕೆ ಗಾಳಿಯೇ ಸಾಕು. ಇವನ್ನು ಶುದ್ಧವಾಗಿ ಇಡಬೇಕೆಂದರೆ ಅಕ್ಕಪಕ್ಕದ ನಾಲ್ಕು ಹೊಲದವರೂ ಅದೇ ತಳಿ ಹಾಕುವಂತೆ ಮಾತಾಡಿಕೊಳ್ಳುವುದೊಂದೇ ಸುಲಭದ ದಾರಿ. ಸೋರೆ, ಕುಂಬಳಕ್ಕೆ ಇನ್ನೊಂದು ಉಪಾಯವಿದೆ. ನಾಳೆ ಅರಳುವ ಹೆಣ್ಣು ಹೂವಿಗೂ ಗಂಡು ಹೂವಿಗೂ ಇಂದೇ ತೆಳುಬಟ್ಟೆಯ ಚೀಲ ಕಟ್ಟಿ, ಅರಳಿದ ಮೇಲೆ ಕೈಯಿಂದ ಪರಾಗ ಮುಟ್ಟಿಸಿ, ಮತ್ತೆ ಚೀಲ ಕಟ್ಟಿಬಿಡುವುದು.

ಜಾಗವಿಲ್ಲ ಎನ್ನುವವರಿಗೆ ಬೇಳೇರಿಯವರ ದಾರಿ ಇದೆ. ಅವರು ಚೀಲಗಳಿಗೆ ಮಣ್ಣು ತುಂಬಿ, ಚೀಲಕ್ಕೊಂದು ತಳಿಯಂತೆ ಭತ್ತ ಬೆಳೆಸಿ ಬೀಜ ಉಳಿಸಿಕೊಂಡವರು.

ನಿಂತ ಬೆಳೆಯಲ್ಲೇ ಆಯ್ಕೆ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಬೀಜದ ಮಡಿಗೆ ಮೂರು ಸಲ ಇಳಿಯಬೇಕು. ಮೊದಲನೆಯದು ತೆನೆ ಹೊರಡುವ ಮೊದಲು: ಎತ್ತರ, ಎಲೆಯ ಬಣ್ಣ, ಬುಡದ ಕೆಂಪು ಬೇರೆಯಾದ ಗಿಡವನ್ನು ಬೇರುಸಹಿತ ಕೀಳಿ. ಎರಡನೆಯದು ಹೂವಾಡುವಾಗ: ಎಲ್ಲಕ್ಕಿಂತ ವಾರ ಮುಂಚೆಯೋ ವಾರ ತಡವಾಗಿಯೋ ತೆನೆ ಬಿಟ್ಟದ್ದು ಬೆರಕೆ, ಅದೂ ಹೋಗಲಿ. ಚೆನ್ನಾಗಿ ಬಂದ ಗಿಡ ಕೀಳಲು ಕೈ ಬರುವುದಿಲ್ಲ, ನಿಜ. ಅದನ್ನು ಉಳಿಸಲೇಬೇಕೆನಿಸಿದರೆ ಬೇರೆ ಕಡೆ ನೆಟ್ಟುಕೊಳ್ಳಿ, ಬೀಜದ ಮಡಿಯಲ್ಲಿ ಬಿಡಬೇಡಿ.

ಮೂರನೆಯ ಸಲ, ಕೊಯ್ಲಿಗೆ ಐದಾರು ದಿನ ಮುಂಚೆ, ಒಂದು ಕುಡುಗೋಲು, ಒಂದು ಬುಟ್ಟಿ ಹಿಡಿದು ಬೆಳಗಿನ ಮಂಜು ಆರಿದ ಮೇಲೆ ಇಳಿಯಿರಿ. ರಾಗಿಯಾದರೆ ತೆನೆಯನ್ನು ಅಂಗೈಯಲ್ಲಿ ಇಟ್ಟು ನೋಡಿ. ಇಲಕುಗಳೆಲ್ಲ (ತೆನೆಯ ಬೆರಳುಗಳು) ಒಂದೇ ಉದ್ದವಾಗಿರಬೇಕು, ಬುಡದಿಂದ ತುದಿಯವರೆಗೂ ಕಾಳು ಕಟ್ಟಿರಬೇಕು, ಬೆರಳಲ್ಲಿ ಉಜ್ಜಿದರೆ ಕಾಳು ಸಲೀಸಾಗಿ ಬಿಡಬೇಕು. ತೆನೆಯ ಕುತ್ತಿಗೆ ಕಪ್ಪಾಗಿದ್ದರೆ ಅದು ಬೆಂಕಿ ರೋಗ. ಎಷ್ಟೇ ದಪ್ಪವಿದ್ದರೂ ಬಿಟ್ಟುಬಿಡಿ. ತೆನೆಯೊಂದನ್ನೇ ನೋಡದೆ ಗಿಡವನ್ನೂ ನೋಡಿ: ಎಷ್ಟು ಕವಲು ಹೊಡೆದಿದೆ, ಗಾಳಿಗೆ ಮಲಗಿದೆಯೇ. ಸಾಧಾರಣ ಸಾಲಿನಲ್ಲಿ, ಅಕ್ಕಪಕ್ಕದ ಗಿಡಗಳ ಪೈಪೋಟಿಯಲ್ಲಿ ಚೆನ್ನಾಗಿ ಬಂದದ್ದೇ ಬೀಜಕ್ಕೆ ಯೋಗ್ಯ. ಕಡಿಮೆಯೆಂದರೂ ನೂರು ಗಿಡಗಳಿಂದ ತೆನೆ ಆರಿಸಿ. ಅಂದವಾದ ನಾಲ್ಕೇ ತೆನೆಯಿಂದ ಬೀಜ ಮಾಡಿದರೆ ಆ ತಳಿಯೊಳಗಿನ ವೈವಿಧ್ಯ ಹೋಗುತ್ತದೆ. ಒಂದು ವರ್ಷ ಮಳೆ ಕೈಕೊಟ್ಟಾಗ ತಡೆದು ನಿಲ್ಲುವ ಗುಣ ಇರುವುದು ಆ ವೈವಿಧ್ಯದಲ್ಲಿ.

ತರಕಾರಿಯಲ್ಲಿ ನಮ್ಮ ಅಭ್ಯಾಸವೇ ಉಲ್ಟಾ. ಮೊದಲ ಚೆಂದದ ಕಾಯಿಗಳೆಲ್ಲ ಸಾರಿಗೆ, ಹುಳು ಹೊಡೆದು ಗಿಡ ಸೊರಗಿದ ಮೇಲೆ ಉಳಿದ ಕೊನೆಯ ಕಾಯಿ ಬೀಜಕ್ಕೆ. ಅದರ ಬದಲು ಒಳ್ಳೆಯ ಗಿಡಗಳನ್ನು ಮೊದಲೇ ನೋಡಿಟ್ಟು, ಎರಡನೇ ಮೂರನೇ ಕಾಯಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ. ಕಟ್ಟಿದ್ದನ್ನು ಕೀಳಬಾರದು ಎಂದು ಮನೆಯವರಿಗೆಲ್ಲ ಹೇಳಿಡಿ. ಬದನೆ ಪೂರ್ತಿ ಹಳದಿಗೆ ತಿರುಗಬೇಕು. ಬೆಂಡೆ ಗಿಡದಲ್ಲೇ ಒಣಗಬೇಕು. ಸೋರೆ ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡಬೇಕು.

ಬಡಿಯುವುದು, ಒಣಗಿಸುವುದು

ತೆನೆಯನ್ನು ಟಾರು ರಸ್ತೆಗೆ ಹರಡಿ ಬಸ್ಸು ಲಾರಿಗಳಿಂದ ಒಕ್ಕಣೆ ಮಾಡಿಸುವುದು ಉಣ್ಣುವ ರಾಗಿಗೇ ಒಳ್ಳೆಯದಲ್ಲ, ಬೀಜಕ್ಕಂತೂ ಕೂಡದು. ಕಾಳು ಸೀಳುತ್ತದೆ, ಪಕ್ಕದವರ ತಳಿಯೂ ಬೆರೆಯುತ್ತದೆ. ಬೀಜದ ತೆನೆ ಬುಟ್ಟಿಯಷ್ಟೇ ಇರುವುದರಿಂದ ಗೋಣಿಚೀಲದ ಮೇಲೆ ಕೋಲಿನಿಂದ ಬಡಿದು, ಮೊರದಲ್ಲಿ ಕೇರಿದರೆ ಮುಗಿಯಿತು.

ಚಾಪೆ ಅಥವಾ ಗೋಣಿಯ ಮೇಲೆ ತೆಳುವಾಗಿ ಹರಡಿ ಬೆಳಗಿನ ಮತ್ತು ಸಂಜೆಯ ಬಿಸಿಲಿಗೆ ಒಣಗಿಸಿ. ಮಧ್ಯಾಹ್ನ ಕಾದ ಸಿಮೆಂಟ್ ಅಂಗಳ, ಕಪ್ಪು ಟಾರ್ಪಾಲಿನ ಮೇಲೆ ಮೊಳಕೆಯ ಕಣ್ಣು ಬೆಂದುಹೋಗುತ್ತದೆ. ಭತ್ತದಲ್ಲಿ ತೇವಾಂಶ ಶೇ 13ಕ್ಕೆ, ರಾಗಿಯಲ್ಲಿ ಶೇ 12ಕ್ಕೆ, ದ್ವಿದಳದಲ್ಲಿ ಶೇ 9ಕ್ಕೆ ಇಳಿಯಬೇಕು. ಅಳೆಯುವ ಯಂತ್ರ ಯಾರ ಮನೆಯಲ್ಲೂ ಇರುವುದಿಲ್ಲ. ಭತ್ತವನ್ನು ಹಲ್ಲಲ್ಲಿ ಕಚ್ಚಿದರೆ ಕಟ್ಟೆಂದು ಮುರಿಯಬೇಕು, ಅಪ್ಪಚ್ಚಿಯಾಗಬಾರದು. ಇನ್ನೊಂದು ಪರೀಕ್ಷೆ: ಒಣಗಿದ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಹುರಿದು ಆರಿಸಿದ ಒಂದು ಚಮಚ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಬೀಜ ಇನ್ನೂ ಹಸಿ. ತೇವಾಂಶ ಶೇ 1ರಷ್ಟು ಇಳಿದರೆ ಬೀಜದ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜ ವಿಜ್ಞಾನದ ಹಳೆಯ ಲೆಕ್ಕ. ಇಲ್ಲಿ ಅವಸರ ಮಾಡಿದವರಿಗೆ ಯಾವ ಡಬ್ಬಿಯೂ ನೆರವಾಗದು.

ಇಡುವುದು

ಬಿಸಿಲಿನಿಂದ ತಂದದ್ದನ್ನು ನೆರಳಲ್ಲಿ ಪೂರ್ತಿ ಆರಲು ಬಿಟ್ಟೇ ತುಂಬಿ, ಇಲ್ಲದಿದ್ದರೆ ಒಳಗೆ ಬೆವರುತ್ತದೆ. ಕರಾವಳಿಯಲ್ಲಿ ಹುಲ್ಲಿನ ಹಗ್ಗ ಬಿಗಿದ ಮುಡಿ, ಬಯಲುಸೀಮೆಯಲ್ಲಿ ಮಡಕೆ, ತರಕಾರಿ ಬೀಜಕ್ಕೆ ಒಣ ಸೋರೆಬುರುಡೆ, ಸೌತೆ–ಕುಂಬಳದ ಬೀಜಕ್ಕೆ ಗೋಡೆಗೆ ಬಡಿದ ಸಗಣಿ ತಟ್ಟು: ಹಿಂದಿನವರಿಗೆ ಬೀಜಕ್ಕೊಂದು ಮನೆ ಇತ್ತು. ಈಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಗಾಜಿನ ಬಾಟಲಿಯೂ ಆಗುತ್ತದೆ. ಬೀಜ ಸರಿಯಾಗಿ ಒಣಗಿರಬೇಕು ಅಷ್ಟೇ.

ರಾಗಿಗೆ ಹುಳುವಿನ ಕಾಟ ಕಡಿಮೆ. ತೊಗರಿ, ಅವರೆ, ಅಲಸಂದೆಗೆ ಹಾಗಿಲ್ಲ. ಕಾಳು ಕೊರೆಯುವ ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುತ್ತದೆ. ಅದಕ್ಕೇ ಇವನ್ನು ಜರಡಿ ಹಿಡಿದ ಒಣ ಬೂದಿಯಲ್ಲಿ ಬೆರೆಸಿ, ಮೇಲೆ ಎರಡು ಬೆರಳು ದಪ್ಪ ಬೂದಿ ಮುಚ್ಚುವುದು. ತೊಗರಿಗೆ ಕೆಮ್ಮಣ್ಣು ಕಲಸಿ ಬಳಿದು ಒಣಗಿಸುವುದೂ ಉಂಟು. ಪ್ರತಿ ಡಬ್ಬಿಯ ಒಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇರಲಿ: ತಳಿಯ ಹೆಸರು, ಕೊಯ್ದ ವರ್ಷ, ಎಷ್ಟು ದಿನದ ಬೆಳೆ, ಯಾರಿಂದ ಬಂತು.

ಬಿತ್ತುವ ಮೊದಲು

ಮುಂಗಾರಿಗೆ ಮೂರು ವಾರ ಮೊದಲೇ ಮೊಳಕೆ ನೋಡಿ. ಎಣಿಸಿದ 100 ಕಾಳನ್ನು ಒದ್ದೆ ಗೋಣಿಯ ತುಂಡಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ದಿನಾ ನೀರು ಚಿಮುಕಿಸಿ. ರಾಗಿಯನ್ನು ಎಂಟನೇ ದಿನ, ಭತ್ತವನ್ನು ಹದಿನಾಲ್ಕನೇ ದಿನ ಎಣಿಸಿ. ಭತ್ತ 80, ರಾಗಿ 75 ಮೊಳೆತರೆ ನಿಶ್ಚಿಂತೆ. ಕಡಿಮೆಯಿದ್ದರೆ ಬೀಜದ ಪ್ರಮಾಣ ಹೆಚ್ಚಿಸಿ. ಕೊಯ್ದ ಕೂಡಲೇ ಪರೀಕ್ಷೆ ಮಾಡಿ ಗಾಬರಿಯಾಗಬೇಡಿ, ಎಷ್ಟೋ ನಾಟಿ ಭತ್ತಗಳು ಕೆಲವು ವಾರ ನಿದ್ದೆಯಲ್ಲಿರುತ್ತವೆ. ಉತ್ತರ ಕರ್ನಾಟಕದಲ್ಲಿ ನವರಾತ್ರಿಗೆ ಘಟದ ಮಣ್ಣಿನಲ್ಲಿ ಕಾಳು ಹಾಕಿ ಸಸಿ ನೋಡುವವರು ಹಿಂಗಾರಿ ಬಿತ್ತನೆಗೆ ಮುಂಚೆ ದೇವರ ಮುಂದೆಯೇ ಈ ಪರೀಕ್ಷೆ ಮುಗಿಸಿರುತ್ತಾರೆ.

ಭತ್ತಕ್ಕೆ ಜಳ್ಳು ತೆಗೆಯುವ ಕೆಲಸವೂ ಇದೆ. ಬಕೆಟ್ ನೀರಿಗೆ ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿ ಭತ್ತ ಸುರಿಯಿರಿ. ತೇಲಿದ್ದು ಕೋಳಿಗೆ, ಮುಳುಗಿದ್ದನ್ನು ಒಳ್ಳೆಯ ನೀರಲ್ಲಿ ಎರಡು ಮೂರು ಸಲ ತೊಳೆದು ಬಿತ್ತನೆಗೆ. ಇದ್ದ ಬೀಜವನ್ನೆಲ್ಲ ಒಂದೇ ಸಲ ಬಿತ್ತಬೇಡಿ. ಕಾಲುಭಾಗ ಡಬ್ಬಿಯಲ್ಲಿ ಉಳಿಯಲಿ.

ಕೊಡುವುದು, ಪಡೆಯುವುದು

‘ಬೀಜ ಇಟ್ಟುಕೊಂಡರೆ, ಮಾರಿದರೆ ಕೇಸು ಬೀಳುತ್ತದೆಯೇ?’ ಎಂದು ಕೇಳುವವರಿದ್ದಾರೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು ಓದಿ. ಬೀಜ ಉಳಿಸಿಕೊಳ್ಳಲು, ಬಿತ್ತಲು, ಬದಲಾಯಿಸಿಕೊಳ್ಳಲು, ಹಂಚಲು, ಮಾರಲು ರೈತರಿಗೆ ಹಕ್ಕಿದೆ. ಈ ಕಾಯ್ದೆಯಡಿ ನೋಂದಾಯಿಸಿದ ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹೆಸರು, ಲೇಬಲ್ಲು ಹಾಕಿ ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ. ನಿಮ್ಮ ಊರಿನದೇ ತಳಿಯನ್ನು ರೈತರ ತಳಿಯಾಗಿ ನೋಂದಾಯಿಸಲೂಬಹುದು, ಅದಕ್ಕೆ ರೈತರಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ನೋಂದಣಿ ಮಾಡುವ ಸಸ್ಯತಳಿ ಸಂರಕ್ಷಣಾ ಪ್ರಾಧಿಕಾರದ ಶಾಖಾ ಕಚೇರಿ ಶಿವಮೊಗ್ಗದಲ್ಲಿದೆ.

ಮೊದಲ ಸುಗ್ಗಿಯಲ್ಲೇ ಇಬ್ಬರು ಮೂವರಿಗೆ ಬೀಜ ಕೊಡಿ, ಸಾಧ್ಯವಾದರೆ ಬೇರೆ ಊರಿನವರಿಗೆ. ಒಂದು ಸೇರು ಒಯ್ದವರು ಸುಗ್ಗಿಯ ನಂತರ ಎರಡು ಸೇರು ತಂದುಕೊಡುವುದು ಬೀಜ ಬ್ಯಾಂಕುಗಳ ಸಾಮಾನ್ಯ ಕರಾರು, ನೀವೂ ಹಾಗೆಯೇ ಮಾಡಿಕೊಳ್ಳಬಹುದು. ಒಯ್ದವರ ಹೆಸರು, ಮೊಬೈಲ್ ಸಂಖ್ಯೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ನೆರೆಯೋ ಬರವೋ ಬಂದು ನಿಮ್ಮ ಮಡಿಯೇ ಹೋದ ವರ್ಷ ಮೊದಲು ಫೋನ್ ಮಾಡಬೇಕಾದದ್ದು ಅವರಿಗೇ.