ಅಜ್ಜನ ಕಾಲದ ರಿವಾಲ್ವರ್: ತುಕ್ಕು ತೆಗೆಯಿರಿ, ಬಣ್ಣ ತೆಗೆಯಬೇಡಿ

ಶಿರಸಿಯ ನೆಂಟರ ಮನೆಯಲ್ಲಿ ವೆಬ್ಲಿ ಎಂಬ ಬ್ರಿಟಿಷ್ ಕಂಪನಿಯ ಒಂದು ಹಳೆ ರಿವಾಲ್ವರ್ ಇತ್ತು. ನೀಲಿಗಪ್ಪು ಮೈ, ಅಲ್ಲಲ್ಲಿ ಕಂದು ಕಲೆ. ಒಮ್ಮೆ ಚೌತಿಗೆ ಹೋದಾಗ ನೋಡಿದರೆ ಅದು ಸ್ಟೀಲ್ ತಂಬಿಗೆಯ ಹಾಗೆ ಹೊಳೆಯುತ್ತಿತ್ತು! ಹಬ್ಬಕ್ಕೆ ಹಿತ್ತಾಳೆ ಪಾತ್ರೆ ತೊಳೆಯುವಾಗ ಇದಕ್ಕೂ ಹುಣಸೆಹುಳಿ ಹಚ್ಚಿ, ಎಮರಿ ಪೇಪರಿನಲ್ಲಿ ತಿಕ್ಕಿದ್ದರಂತೆ. ಬಣ್ಣ ಹೋಯಿತು, ತಯಾರಕರ ಮುದ್ರೆ ಹೋಯಿತು, ಗುರುತಿನ ನಂಬರಿನ ಅರ್ಧವೂ ಹೋಯಿತು. ಬೆಲೆ ಹೋದರೆ ಹೋಗಲಿ, ನಂಬರು ಹೋದದ್ದು ದೊಡ್ಡ ತಲೆನೋವು. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮಿನ ಪ್ರಕಾರ ನಂಬರು ಅಳಿಸುವುದು ಅಪರಾಧ. ಅಳಿಸಿದ್ದು ನಾವಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಇಟ್ಟುಕೊಂಡವರದ್ದೇ.

ಮೊದಲು ಕಾಗದಪತ್ರ. ‘ನೂರು ವರ್ಷ ಹಳೆಯದು, ಲೈಸೆನ್ಸ್ ಬೇಡ’ ಎನ್ನುವವರನ್ನು ನಂಬಬೇಡಿ. 45ನೇ ಕಲಮಿನ ವಿನಾಯಿತಿ ಇರುವುದು ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಹಳೆ ಆಯುಧಕ್ಕೆ ಮಾತ್ರ. ಉಳಿದದ್ದಕ್ಕೆಲ್ಲ ಲೈಸೆನ್ಸ್ ಮೊದಲು, ರಿವಾಲ್ವರ್ ಆಮೇಲೆ. ನಮ್ಮ ಜಿಲ್ಲೆಯವರು ಕಾರವಾರದ ಡಿಸಿ ಕಚೇರಿಗೆ ಅರ್ಜಿ ಹಾಕಬೇಕು. ಕೆಲವು ಬೋರ್‌ಗಳು (ನಳಿಗೆಯ ಒಳಗಿನ ಅಳತೆ) ನಿಷೇಧಿತ ವರ್ಗದಲ್ಲಿವೆ, ಅವಕ್ಕೆ ದೆಹಲಿಯ ಗೃಹ ಸಚಿವಾಲಯವೇ ಒಪ್ಪಬೇಕು. ಹಾಗಾಗಿ ಮುಂಗಡ ಕೊಡುವ ಮೊದಲೇ ಬೋರ್ ಯಾವುದು ಎಂದು ಕೇಳಿ. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರ ಹೆಸರಿನಲ್ಲಿ ಎರಡೇ ಬಂದೂಕು. ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಅಜ್ಜ ತೀರಿಕೊಂಡ ಮೇಲೆ ಅವರ ರಿವಾಲ್ವರ್ ಸುಮ್ನೆ ಕಪಾಟಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಿ, ನಿಮ್ಮ ಹೆಸರಿಗೆ ಅರ್ಜಿ ಹಾಕಿ.

ಕೊಳ್ಳುವಾಗ ನಂಬರನ್ನು ಕಾಗದದ ಜೊತೆ ಹೋಲಿಸಿ. ಬ್ರಿಟಿಷ್ ಸೇನೆ 1915ರಲ್ಲಿ ತೆಗೆದುಕೊಂಡ ವೆಬ್ಲಿ ಮಾರ್ಕ್ 6ಕ್ಕೆ ನಕಲು ಜಾಸ್ತಿ. ಮುದ್ರೆಯ ಅಕ್ಷರ ಸೊಟ್ಟಗಿದ್ದರೆ, ಕಾಗುಣಿತ ತಪ್ಪಿದ್ದರೆ ವಾಪಸ್ ಬನ್ನಿ. ಹೊಸದಾಗಿ ಬಣ್ಣ ಹೊಡೆಸಿದ್ದನ್ನು ಅರ್ಧ ಬೆಲೆಗೂ ನಾನು ಕೊಳ್ಳುವುದಿಲ್ಲ.

ಇನ್ನು ತುಕ್ಕು. ಎಲ್ಲರೂ ಕೆಡಿಸುವುದು ಇಲ್ಲೇ.

ಕೈಗೆತ್ತಿಕೊಂಡ ಕೂಡಲೇ ನಳಿಗೆಯನ್ನು ಜನರಿಲ್ಲದ ಕಡೆ ತಿರುಗಿಸಿ. ಗುಂಡು ತುಂಬುವ ಸಿಲಿಂಡರ್ ತೆರೆದು ಎಲ್ಲ ಗೂಡೂ ಖಾಲಿ ಇವೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ನಿನ್ನೆ ನೋಡಿದ್ದೆ ಎನ್ನುವುದು ಲೆಕ್ಕಕ್ಕಿಲ್ಲ.

ಬಿಳಿ ಬಟ್ಟೆಗೆ ಎಣ್ಣೆ ಹಾಕಿ ಕಲೆಯ ಮೇಲೆ ಉಜ್ಜಿ. ಬಟ್ಟೆ ಕೆಂಪಾದರೆ ಅದು ಜೀವಂತ ತುಕ್ಕು, ತೆಗೆಯಬೇಕು. ಬಟ್ಟೆಗೆ ಏನೂ ಹತ್ತದಿದ್ದರೆ ಅದು ವಯಸ್ಸಿನ ಕಂದು, ಮುಟ್ಟಬೇಡಿ. ಸಂಗ್ರಾಹಕರು ದುಡ್ಡು ಕೊಡುವುದೇ ಆ ಕಂದಿಗೆ. ಕೆಂಪು ಇದ್ದ ಕಡೆ ಹೊಲಿಗೆ ಮಷೀನಿನ ಎಣ್ಣೆ ಹನಿಸಿ ಒಂದು ರಾತ್ರಿ ಬಿಡಿ. ಮರುದಿನ ಹಳೆ ತೂತಿನ ಕಾಸಿನ ಅಂಚಿನಿಂದ ಮೆತ್ತಗೆ ಕೆರೆಯಿರಿ. ಅದು ಕಂಚಿನದು, ಉಕ್ಕಿಗಿಂತ ಮೆದು. ತುಕ್ಕು ಏಳುತ್ತದೆ, ಲೋಹಕ್ಕೆ ಗೀರು ಬೀಳುವುದಿಲ್ಲ. ಮೊಂಡು ತುಕ್ಕಿಗೆ ನಾಲ್ಕು ಸೊನ್ನೆಯ (0000, ಅತಿ ನಯವಾದ) ಸ್ಟೀಲ್ ವುಲ್ ಆಗಬಹುದು, ಅದೂ ಎಣ್ಣೆಯಲ್ಲಿ ಅದ್ದಿದ ಮೇಲೆ. ಪಾತ್ರೆ ತಿಕ್ಕುವ ನಾರು ಖಂಡಿತ ಬೇಡ. ನಂಬರು, ಮುದ್ರೆ ಇರುವ ಜಾಗಕ್ಕೆ ಬಟ್ಟೆ ಮತ್ತು ಎಣ್ಣೆ ಮಾತ್ರ. ಪ್ರತಿ ಸುತ್ತಿಗೂ ಒರೆಸಿ, ಕಿಟಕಿಯ ಬೆಳಕಿನಲ್ಲಿ ನೋಡಿ. ನೀಲಿ ಬಣ್ಣ ತೆಳುವಾಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಒಂದೇ ದಿನ ಮುಗಿಸಲು ಹೊರಟರೆ ಕೈ ಜೋರಾಗುತ್ತದೆ. ನಾನು ನಾಲ್ಕು ಭಾನುವಾರ ತೆಗೆದುಕೊಳ್ಳುತ್ತೇನೆ.

ಸ್ಕ್ರೂ ಬಿಚ್ಚುವ ಆಸೆ ಬೇಡ. ಮನೆಯ ಸ್ಕ್ರೂಡ್ರೈವರ್ ಸ್ಕ್ರೂ ತಲೆಯನ್ನು ಕಿತ್ತುಹಾಕುತ್ತದೆ. ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಹೋಗಿ.

ಕೊಬ್ಬರಿ ಎಣ್ಣೆ ನಮ್ಮ ಕಡೆ ಎಲ್ಲದಕ್ಕೂ ಮದ್ದು. ಇದಕ್ಕಲ್ಲ. ಕೆಲವು ತಿಂಗಳಲ್ಲಿ ಕಮಟಿ, ಅಂಟಾಗಿ, ಧೂಳು ಹಿಡಿಯುತ್ತದೆ. ಹಾರ್ಡ್‌ವೇರ್ ಅಂಗಡಿಯ ತುಕ್ಕಿನ ಸ್ಪ್ರೇಗಳೂ ಹೆಚ್ಚಿನವು ಬೇಗ ಆರಿಹೋಗುತ್ತವೆ. ಹೊರಮೈಗೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ಎಂಬ ನಯವಾದ ಮೇಣ ತೆಳುವಾಗಿ ಹಚ್ಚಿ. ತುಸು ದುಬಾರಿ, ಆದರೆ ಒಂದು ಡಬ್ಬಿ ವರ್ಷಗಟ್ಟಲೆ ಬರುತ್ತದೆ.

ಚರ್ಮದ ಚೀಲದಲ್ಲಿ ಇಡಬೇಡಿ. ಕಾರವಾರದ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಅದೇ ಪಸೆ ಚೀಲಕ್ಕೂ ಇಳಿದು ಉಕ್ಕಿಗೆ ಹತ್ತುತ್ತದೆ. ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆ, ಒಳಗೆ ಹತ್ತಿ ಬಟ್ಟೆ, ಜೊತೆಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಎಂದರ್ಥ, ಬದಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ. ಬೆರಳಿನ ಬೆವರೂ ತುಕ್ಕು ಹಿಡಿಸುತ್ತದೆ, ನೆಂಟರಿಗೆ ತೋರಿಸಿದ ಮೇಲೆ ಒರೆಸದೆ ಒಳಗಿಡಬೇಡಿ.

ಚುನಾವಣೆ ಬಂದಾಗ ಜಮಾ ಮಾಡಲು ಕರೆ ಬರಬಹುದು. ಕೊಡುವ ಹಿಂದಿನ ದಿನ ದಪ್ಪಗೆ ಎಣ್ಣೆ ಹಚ್ಚಿ, ನಾಲ್ಕೂ ಬದಿಯ ಫೋಟೋ ತೆಗೆದಿಡಿ, ನಂಬರು ಬರೆದ ರಸೀದಿ ಕೇಳಿ ಪಡೆಯಿರಿ. ವಾಪಸ್ ಬಂದ ದಿನವೇ ಆ ಎಣ್ಣೆಯನ್ನೆಲ್ಲ ಒರೆಸಿ, ಮತ್ತೆ ಬಿಳಿ ಬಟ್ಟೆಯ ಪರೀಕ್ಷೆ ಮಾಡಿ.