ಹಿನ್ನೀರಿನಲ್ಲಿ ದೋಣಿ ಎಲ್ಲಿ ಕಟ್ಟಬೇಕು?

ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಜಲಾಶಯದ ನೀರಿಗೆ ಕಾಯಂ ದಡ ಅಂತ ಇಲ್ಲ. 1933 ಬಿಟ್ಟರೆ 2022ರ ಸೆಪ್ಟೆಂಬರ್‌ನಲ್ಲೇ ಅದು ಕೋಡಿ ಬಿದ್ದದ್ದು. ಆಗ ನೀರು 130 ಅಡಿ ಮುಟ್ಟಿ, ಹೊಸದುರ್ಗದ ಕಡೆ ತೋಟಗಳೇ ಮುಳುಗಿದವು. 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿಯಿತು. ಅಣೆಕಟ್ಟೆಯಿಂದ ದೂರ, ಗುಡ್ಡಗಳ ನಡುವಿನ ಹಿನ್ನೀರಿಗೆ ಬಲೆ ಬಿಡಲು ಹೋದವರಿಗೆ ಅಲ್ಲಿ ಮೆಟ್ಟಿಲಿಲ್ಲ, ಕಟ್ಟೆಯಿಲ್ಲ. ರಾತ್ರಿ ದೋಣಿ ನಿಲ್ಲಿಸುವ ಜಾಗವನ್ನು ನಾವೇ ಹುಡುಕಿಕೊಳ್ಳಬೇಕು.

ಬೇಸಿಗೆಯಲ್ಲಿ ನಡೆದು ನೋಡಿ

ಈ ಕೆಲಸ ಶುರುವಾಗಬೇಕಾದದ್ದು ದೋಣಿಯಲ್ಲಲ್ಲ, ಕಾಲ್ನಡಿಗೆಯಲ್ಲಿ. ಏಪ್ರಿಲ್, ಮೇ ಹೊತ್ತಿಗೆ ನೀರು ಹಿಂದೆ ಸರಿದಾಗ ತಳ ಬಯಲಾಗುತ್ತದೆ. ಹಳ್ಳ ಎಲ್ಲಿ ಸೇರುತ್ತದೆ, ಬಂಡೆ ಎಲ್ಲಿದೆ, ಜಾಲಿ ಮೋಟುಗಳು ಎಲ್ಲಿ ನಿಂತಿವೆ ಎಂಬುದನ್ನು ಆಗಲೇ ಗುರುತು ಹಾಕಿಕೊಳ್ಳಿ. ಮಳೆಗಾಲದಲ್ಲಿ ಇವೆಲ್ಲ ಮೊಳದುದ್ದ ನೀರಿನ ಕೆಳಗೆ ಕೂತಿರುತ್ತವೆ; ದೋಣಿಯ ತಳಕ್ಕೆ ಮೋಟು ಚುಚ್ಚಿದ ಮೇಲೆಯೇ ಗೊತ್ತಾಗುವುದು.

ಗಾಳಿಗೆ ಬೆನ್ನು ಕೊಟ್ಟ ಗುಡ್ಡ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಪಡುವಣ ಗಾಳಿ. ಜೋಗಿಮಟ್ಟಿ ಗುಡ್ಡಸಾಲಿನಲ್ಲಿ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಈ ಗಾಳಿ ಅಲೆಯನ್ನು ಮೂಡಣ ದಡಕ್ಕೆ ತಳ್ಳುತ್ತದೆ. ಹಾಗಾಗಿ ಮುಂಗಾರಿನಲ್ಲಿ ಪಡುವಣ ದಡದ ಗುಡ್ಡದ ಮರೆಗೆ ಹೋಗಿ. ಹತ್ತಿಪ್ಪತ್ತು ಮಾರು ದೂರದಲ್ಲಿ ನೊರೆ ಏಳುತ್ತಿದ್ದರೂ ಅಲ್ಲಿ ನೀರು ಹೆಚ್ಚು ಅಲುಗುವುದಿಲ್ಲ. ಚಳಿಗಾಲದಲ್ಲಿ ಮೂಡಗಾಳಿ ಬೀಸಲು ಶುರುವಾದರೆ ಲೆಕ್ಕ ತಿರುಗುಮುರುಗು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮಾತ್ರ ದಿಕ್ಕು ಅಂತ ಇಲ್ಲ. ಆ ದಿನಗಳಲ್ಲಿ ಮೂರು ಕಡೆ ಗುಡ್ಡ ಮುಚ್ಚಿದ ಸಣ್ಣ ಮೂಲೆಯೇ ಬೇಕು. ಹಳ್ಳ ಬಂದು ಸೇರುವ ಬಾಯಿ ಎಷ್ಟೇ ಚೆಂದ ಕಂಡರೂ ಬಿಟ್ಟುಬಿಡಿ, ಮೇಲೆ ಮಳೆಯಾದರೆ ಮರ, ಮುಳ್ಳು ಎಲ್ಲ ಅಲ್ಲಿಂದಲೇ ಬರುವುದು.

ತಳ ಮುಟ್ಟಿ ನೋಡಿ

ಬಿದಿರು ಗಳವನ್ನು ನೇರ ಇಳಿಸಿ. ಟಕ್ ಎಂದರೆ ಬಂಡೆ, ಲಂಗರು ಜಾರುತ್ತದೆ. ತಾನಾಗಿ ಇಳಿಯುತ್ತಲೇ ಹೋದರೆ ಗೋಡು, ಅಂದರೆ ಮೆತ್ತನೆ ಕೆಸರು, ಅಲ್ಲೂ ಹಿಡಿತ ಸಿಗದು. ಇಳಿದ ಗಳ ಕಚ್ಚಿ ಹಿಡಿದು, ಎಳೆದಾಗ ಬಿಗಿ ಕೊಟ್ಟರೆ ಅದು ಜಿಗುಟು ಮಣ್ಣು. ನಮಗೆ ಬೇಕಾದದ್ದು ಅದೇ. ಗಳ ಮುಟ್ಟದಷ್ಟು ಆಳವಿದ್ದರೆ ಹಗ್ಗಕ್ಕೆ ಕಲ್ಲು ಕಟ್ಟಿ, ಕಲ್ಲಿನ ತಳಕ್ಕೆ ಗ್ರೀಸ್ ಮೆತ್ತಿ ಇಳಿಸಿ. ತಳದ ಮರಳೋ ಮಣ್ಣೋ ಅಂಟಿಕೊಂಡು ಮೇಲೆ ಬರುತ್ತದೆ. ಸಮುದ್ರದಲ್ಲಿ ಹಿಂದಿನ ನಾವಿಕರು ಸೀಸದ ಗುಂಡಿಗೆ ಕೊಬ್ಬು ಮೆತ್ತಿ ಮಾಡುತ್ತಿದ್ದದ್ದೂ ಇದನ್ನೇ.

ಹಗ್ಗ

ಬಹಳ ಜನ ತಪ್ಪುವುದು ಇಲ್ಲಿ. ನಾನೂ ತಪ್ಪಿದ್ದೇನೆ. ಒಂದು ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ಕಡೆ ಆಕಾಶ ತಿಳಿಯಾಗಿತ್ತು. ದೋಣಿಯ ಮೂತಿಯನ್ನು ಒಣ ಜಾಲಿ ಮರಕ್ಕೆ ಗಿಡ್ಡ ಹಗ್ಗದಲ್ಲಿ ಬಿಗಿದು ಮಲಗಿದೆ. ಬೆಳಿಗ್ಗೆ ನೋಡಿದರೆ ನೀರು ಒಂದೂವರೆ ಅಡಿ ಏರಿದೆ. ಹಗ್ಗ ಮೂತಿಯನ್ನು ಕೆಳಕ್ಕೆ ಜಗ್ಗಿ ಹಿಡಿದು, ದೋಣಿಯೊಳಗೆ ಅರ್ಧ ನೀರು. ಗಂಟು ನೀರಿನ ಕೆಳಗೆ ನೆನೆದು ಉಬ್ಬಿತ್ತು, ಕುಡುಗೋಲಿನಿಂದ ಕೊಯ್ಯಬೇಕಾಯಿತು. ದೊಡ್ಡಪ್ಪ ಬೈಯಲಿಲ್ಲ. "ಹಗ್ಗ ಗಿಡ್ಡ ಮಾಡ್ಬ್ಯಾಡ ಮಗಾ, ನೀರು ರಾತ್ರಿ ಎದ್ದು ಓಡಾಡ್ತದೆ" ಅಂದರು ಅಷ್ಟೆ.

ಈ ಜಲಾಶಯ ತುಂಬಿಸುವ ವೇದಾವತಿ ಹೊಳೆಯ ನೀರು ಹುಟ್ಟುವುದು ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ. ಅಲ್ಲಿ ಸುರಿದದ್ದು ಕಡೂರು ದಾಟಿ ಇಲ್ಲಿಗೆ ಬರುತ್ತದೆ, ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಸೇರುತ್ತದೆ. ನಮ್ಮ ತಲೆಯ ಮೇಲಿನ ಮೋಡ ನೋಡಿ ಹಗ್ಗದ ಅಳತೆ ಹಾಕಬಾರದು.

ಲಂಗರಿನ ಹಗ್ಗ ಆಳದ ಐದು ಪಟ್ಟಾದರೂ ಇರಲಿ, ಗಾಳಿ ಜೋರಿದ್ದರೆ ಏಳು ಪಟ್ಟು. ಎಂಟು ಅಡಿ ನೀರಿಗೆ 40 ಅಡಿ ಹಗ್ಗ ಎಂದರೆ ಹೆಚ್ಚಲ್ಲ. ಉದ್ದ ಹಗ್ಗ ಲಂಗರನ್ನು ನೆಲಕ್ಕೆ ಅಡ್ಡವಾಗಿ ಎಳೆಯುತ್ತದೆ, ಕೊಕ್ಕೆ ಇನ್ನಷ್ಟು ಕಚ್ಚುತ್ತದೆ. ಗಿಡ್ಡ ಹಗ್ಗವಾದರೆ ಅದನ್ನು ಮೇಲಕ್ಕೆತ್ತಿ ಕಿತ್ತುಬಿಡುತ್ತದೆ. ಲಂಗರು ನೀರಿನ ಕಡೆ ಇರಲಿ, ಇನ್ನೊಂದು ಹಗ್ಗ ದಡದ ಹಸಿ ಮರಕ್ಕೋ ಮೊಳಕಾಲುದ್ದ ಹೂತ ಗೂಟಕ್ಕೋ ಹೋಗಲಿ. ನೀರಿನಲ್ಲಿ ನಿಂತ ಒಣ ಜಾಲಿಯನ್ನು ನಂಬಬೇಡಿ, ಬುಡ ಕೊಳೆತಿರುತ್ತದೆ.

ಹರಿಗೋಲಾದರೆ ಇಷ್ಟು ಕಷ್ಟವಿಲ್ಲ. ಹೊತ್ತು ತಂದು ನೀರಿನಂಚಿನಿಂದ ಮೇಲೆ ಮಗುಚಿ ಹಾಕಿ, ಮೇಲೆ ಕಲ್ಲು ಹೇರಿದರೆ ಸಾಕು. ಆದರೆ ದಡ ತಟ್ಟೆಯಂತೆ ಸಮತಟ್ಟಾಗಿದ್ದರೆ ದೂರ ಒಯ್ಯಿರಿ. ಇಪ್ಪತ್ತು ಅಡಿಗೆ ಒಂದು ಅಡಿ ಇಳಿಜಾರಿರುವ ಕಡೆ ನೀರು ಒಂದೇ ಅಡಿ ಏರಿದರೂ ಅಂಚು ಇಪ್ಪತ್ತು ಅಡಿ ಒಳಗೆ ಬಂದಿರುತ್ತದೆ.

ಅಣೆಕಟ್ಟೆ, ತೂಬು, ಕೋಡಿ, ಈ ಮೂರರ ಹತ್ತಿರ ದೋಣಿ ಕಟ್ಟಲೇಬಾರದು.

ಮಲಗುವ ಮುನ್ನ

ದಡದ ಒಂದು ಮರ, ಅದರ ಹಿಂದೆ ಗುಡ್ಡದ ಮೇಲಿನ ಒಂದು ಬಂಡೆ, ಎರಡೂ ಒಂದೇ ಗೆರೆಗೆ ಬರುವಂತೆ ದೋಣಿಯಲ್ಲಿ ಕೂತು ನೋಡಿಕೊಳ್ಳಿ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಹಗ್ಗದ ಉದ್ದಕ್ಕೆ ಸ್ವಲ್ಪ ತೂಗಾಡುವುದು ಸಹಜ. ಮರ, ಬಂಡೆ ದೂರ ಸರಿಯುತ್ತಲೇ ಇದ್ದರೆ ಲಂಗರು ಜಾರುತ್ತಿದೆ, ಎತ್ತಿ ಇನ್ನೊಮ್ಮೆ ಹಾಕಿ. ನೀರಿನಂಚಿಗೆ ಒಂದು ಕಡ್ಡಿ ಚುಚ್ಚಿಡಿ. ನಡುರಾತ್ರಿ ಎದ್ದಾಗ ಟಾರ್ಚ್ ಹಾಕಿ, ಕಡ್ಡಿ ನೀರೊಳಗಿದ್ದರೆ ದಡದ ಹಗ್ಗ ಒಂದು ಮಾರು ಸಡಿಲ ಬಿಡಿ.